ವಿದ್ಯುದಾಘಾತ ಮತ್ತು ಹೃದಯಸ್ತಂಭನ: ರಕ್ಷಿಸಹೋದವರ ರಕ್ಷಣೆ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ವಿದ್ಯುಚ್ಛಕ್ತಿಯನ್ನು ಬಳಸದ ಕುಟುಂಬವನ್ನು ಹುಡುಕುವುದು ಇಂದು ಕಷ್ಟ. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ದಂಡೆಯಲ್ಲಿ ನೀರೆತ್ತುವ ಪಂಪ್‌ಸೆಟ್ಟುಗಳಿವೆ. ಕಬ್ಬಿನ ಹೊಲಗಳಲ್ಲಿ ಕೊಳವೆ ಬಾವಿಗಳಿವೆ. ರಬಕವಿ, ಬನಹಟ್ಟಿಗಳ ಓಣಿಗಳಲ್ಲಿ ವಾಸದ ಮನೆಯೂ ಮಗ್ಗದ ಮನೆಯೂ ಎಷ್ಟೋ ಕಡೆ ಒಂದೇ ಸೂರಿನಡಿಯಲ್ಲಿದ್ದು, ಅಡಿಗೆಯ ಒಲೆಗೂ ವಿದ್ಯುತ್ ಮಗ್ಗದ ಮೋಟಾರಿಗೂ ನಡುವೆ ಒಂದು ಗೋಡೆಯ ಅಂತರ ಮಾತ್ರ ಇರುತ್ತದೆ. ಇಂಥ ಸ್ಥಳಗಳಲ್ಲಿ ಯಾರಿಗಾದರೂ ವಿದ್ಯುತ್ ತಗುಲಿದರೆ ಮೊದಲು ಓಡಿಬರುವವರು ಮನೆಯವರೇ. ಹೆಂಡತಿ, ಮಗ, ತಮ್ಮ, ನೆರೆಯ ಹೊಲದ ರೈತ, ಪಕ್ಕದ ಮಗ್ಗದ ನೇಕಾರ, ಇವರಲ್ಲಿ ಒಬ್ಬರು ಕೂಗು ಕೇಳಿದೊಡನೆ ಧಾವಿಸಿ, ಬಿದ್ದವನ ಕೈ ಹಿಡಿದು ಎಳೆಯುತ್ತಾರೆ. ಈ ಲೇಖನವು ಆ ಮೊದಲ ಕ್ಷಣವನ್ನು ಕುರಿತದ್ದು.

ವಿದ್ಯುತ್ ಅಪಘಾತಗಳಲ್ಲಿ ಒಂದು ವಿಶೇಷವಾದ ಕ್ರೌರ್ಯವಿದೆ. ಹಾವು ಕಚ್ಚಿದವನನ್ನು ಮುಟ್ಟಿದವರಿಗೆ ವಿಷವೇರುವುದಿಲ್ಲ. ಆದರೆ ವಿದ್ಯುತ್ ತಗುಲಿ ತಂತಿಗೆ ಅಂಟಿಕೊಂಡಿರುವವನನ್ನು ಮುಟ್ಟಿದವನು ತಾನೂ ಅದೇ ಸರಪಳಿಯ ಒಂದು ಕೊಂಡಿಯಾಗುತ್ತಾನೆ. 2019ರ ಆಗಸ್ಟ್ 18ರಂದು ನಮ್ಮ ನೆರೆಯ ಕೊಪ್ಪಳದ ಒಂದು ವಿದ್ಯಾರ್ಥಿನಿಲಯದಲ್ಲಿ, ಸ್ವಾತಂತ್ರ್ಯೋತ್ಸವಕ್ಕೆಂದು ನಿಲ್ಲಿಸಿದ್ದ ಧ್ವಜಸ್ತಂಭವನ್ನು ತೆಗೆಯುವಾಗ ಅದು ವಿದ್ಯುತ್ ತಂತಿಗೆ ತಗುಲಿ ಐವರು ವಿದ್ಯಾರ್ಥಿಗಳು ಮರಣ ಹೊಂದಿದರು. ಮೊದಲು ಸಿಲುಕಿದವನನ್ನು ಬಿಡಿಸಹೋದವರೂ ಬಲಿಯಾದರೆಂದು ಆಗಿನ ವರದಿಗಳು ತಿಳಿಸಿದವು. 2023ರ ನವೆಂಬರ್ 19ರಂದು ಬೆಂಗಳೂರಿನ ವೈಟ್‌ಫೀಲ್ಡ್ ಬಳಿ ಪಾದಚಾರಿ ಮಾರ್ಗದ ಮೇಲೆ ಬಿದ್ದಿದ್ದ ತಂತಿಯಿಂದ ತಾಯಿ ಮತ್ತು ಹಸುಗೂಸು ತೀರಿಕೊಂಡಾಗ, ಅವರನ್ನು ಉಳಿಸಲು ಮುಂದಾದ ಪತಿಯೂ ಗಾಯಗೊಂಡನು. ಬಟ್ಟೆ ಒಣಹಾಕುವ ತಂತಿಯಲ್ಲಿ ವಿದ್ಯುತ್ ಹರಿದು ಪತ್ನಿ, ಆಕೆಯನ್ನು ಬಿಡಿಸಹೋಗಿ ಪತಿ, ಹೀಗೆ ಒಂದೇ ಮನೆಯಿಂದ ಇಬ್ಬರನ್ನು ಒಯ್ದ ಸುದ್ದಿಗಳು ಪತ್ರಿಕೆಗಳಲ್ಲಿ ಪದೇ ಪದೇ ಬರುತ್ತವೆ. ಇತ್ತೀಚಿನ ವರ್ಷಗಳಲ್ಲಿ ದೇಶದಲ್ಲಿ ವರ್ಷಕ್ಕೆ ಹನ್ನೆರಡು ಸಾವಿರಕ್ಕಿಂತ ಹೆಚ್ಚು ಜನರು ವಿದ್ಯುದಾಘಾತದಿಂದ ಸಾಯುತ್ತಿದ್ದಾರೆ. ಇಂಥ ಮನೆಗಳಲ್ಲಿ ಎರಡನೆಯ ಸಾವನ್ನಾದರೂ ತಪ್ಪಿಸುವುದು ಸಂಪೂರ್ಣವಾಗಿ ನಮ್ಮ ತಿಳಿವಳಿಕೆಗೆ ಸೇರಿದ ವಿಷಯ.

ದೇಹದಲ್ಲಿ ನಡೆಯುವುದೇನು

‘ಕರೆಂಟು ಎಳೆದುಕೊಂಡಿತು’ ಎಂದು ನಮ್ಮ ಜನರು ಹೇಳುವುದುಂಟು. ವಿದ್ಯುತ್ತಿಗೆ ಎಳೆಯುವ ಶಕ್ತಿಯಿಲ್ಲ. ನಮ್ಮ ಸ್ನಾಯುಗಳು ನರಗಳಿಂದ ಬರುವ ಅತ್ಯಲ್ಪ ವಿದ್ಯುತ್ ಸೂಚನೆಗಳಿಂದಲೇ ಕೆಲಸಮಾಡುತ್ತವೆ. ಹೊರಗಿನಿಂದ ವಿದ್ಯುತ್ ಪ್ರವಹಿಸಿದಾಗ ಎಲ್ಲ ಸ್ನಾಯುಗಳೂ ಏಕಕಾಲಕ್ಕೆ ಬಿಗಿಯುತ್ತವೆ. ಕೈಯನ್ನು ಮುಚ್ಚುವ ಸ್ನಾಯುಗಳು ತೆರೆಯುವ ಸ್ನಾಯುಗಳಿಗಿಂತ ಬಲವಾದವುಗಳಾದ್ದರಿಂದ ತಂತಿ ಹಿಡಿದ ಮುಷ್ಟಿ ಇನ್ನಷ್ಟು ಬಿಗಿಯಾಗುತ್ತದೆ. ಬಿಡಬೇಕೆಂದು ಮನಸ್ಸು ಹೇಳಿದರೂ ಕೈ ಕೇಳುವುದಿಲ್ಲ. ನಮ್ಮ ದೇಶದ 50 ಆವರ್ತನದ ಪ್ರವಾಹದಲ್ಲಿ ಒಂದು ಮಿಲಿ ಆಂಪಿಯರಿನಷ್ಟು ಹರಿದರೆ ಜುಮ್ಮೆನಿಸುತ್ತದೆ. ಹತ್ತು ಹದಿನೈದು ಮಿಲಿ ಆಂಪಿಯರಿಗೆ ಕೈ ಬಿಡಿಸಿಕೊಳ್ಳಲಾಗದಂತೆ ಆಗುತ್ತದೆ. ಇನ್ನೂ ಹೆಚ್ಚಾದರೆ ಎದೆಯ ಸ್ನಾಯುಗಳು ಬಿಗಿದು ಉಸಿರಾಟ ಕಟ್ಟುತ್ತದೆ. ಐವತ್ತರಿಂದ ನೂರು ಮಿಲಿ ಆಂಪಿಯರ್ ಎದೆಯ ಮೂಲಕ ಹಾದುಹೋದರೆ ಹೃದಯವು ಲಯ ತಪ್ಪಿ ಕಂಪಿಸತೊಡಗಬಹುದು. ನೂರು ಮಿಲಿ ಆಂಪಿಯರ್ ಎಂದರೆ ಇಪ್ಪತ್ತೈದು ವ್ಯಾಟಿನ ಒಂದು ಸಣ್ಣ ದೀಪ ಬಳಸುವಷ್ಟು ಪ್ರವಾಹ. ಮನೆಯ ದೀಪವನ್ನು ಬೆಳಗಿಸುವುದಕ್ಕೆ ಸಾಲುವಷ್ಟು ವಿದ್ಯುತ್ತು ಮನುಷ್ಯನ ಹೃದಯವನ್ನು ನಿಲ್ಲಿಸುವುದಕ್ಕೂ ಸಾಲುತ್ತದೆ.

ಒಣಗಿದ ಚರ್ಮವು ವಿದ್ಯುತ್ತನ್ನು ಸಾಕಷ್ಟು ತಡೆಯುತ್ತದೆ. ಆದರೆ ಹೊಲಕ್ಕೆ ನೀರು ಹಾಯಿಸುತ್ತಿರುವ ರೈತನ ಕಾಲು ಕೆಸರಿನಲ್ಲಿರುತ್ತದೆ, ಕೈ ಒದ್ದೆಯಾಗಿರುತ್ತದೆ, ಮೈಯಲ್ಲಿ ಬೆವರಿರುತ್ತದೆ. ಆಗ ದೇಹದ ತಡೆಯು ಸುಮಾರು ಒಂದು ಸಾವಿರ ಓಮ್‌ಗೆ ಇಳಿಯಬಹುದು. 230 ವೋಲ್ಟಿನ ತಂತಿಯನ್ನು ಮುಟ್ಟಿದ ಅಂಥ ದೇಹದಲ್ಲಿ 230 ಮಿಲಿ ಆಂಪಿಯರ್ ಹರಿಯುತ್ತದೆ ಎಂಬುದು ಶಾಲೆಯ ಮಕ್ಕಳೂ ಮಾಡಬಲ್ಲ ಲೆಕ್ಕ. ಬಿಡಿಸಲು ಓಡಿಬಂದವನೂ ಅದೇ ಕೆಸರಿನಲ್ಲಿ ಬರಿಗಾಲಿನಲ್ಲಿ ನಿಂತಿರುತ್ತಾನೆಂಬುದನ್ನು ಇಲ್ಲಿ ನೆನೆಯತಕ್ಕದ್ದು.

ಮೊದಲು ವಿದ್ಯುತ್ ಕಡಿತ, ಆಮೇಲೆ ಸ್ಪರ್ಶ

ಆದುದರಿಂದ ಮೊದಲ ಕೆಲಸ ವಿದ್ಯುತ್ತನ್ನು ಕಡಿಯುವುದು. ಮನೆಯಲ್ಲಾದರೆ ಮೇನ್ ಸ್ವಿಚ್ಚನ್ನು ಆರಿಸಬೇಕು. ಕೇವಲ ಫ್ಯಾನಿನ ಅಥವಾ ಇಸ್ತ್ರಿ ಪೆಟ್ಟಿಗೆಯ ಗುಂಡಿ ಒತ್ತಿದರೆ ಸಾಲದು. ವೈರಿಂಗು ತಲೆಕೆಳಗಾಗಿದ್ದಲ್ಲಿ ಗುಂಡಿ ಆರಿಸಿದ ಮೇಲೂ ಉಪಕರಣದಲ್ಲಿ ವಿದ್ಯುತ್ ಉಳಿದಿರಬಹುದು. ಪ್ಲಗ್ಗನ್ನು ಸುರಕ್ಷಿತವಾಗಿ ಕಿತ್ತೆಸೆಯಲು ಸಾಧ್ಯವಿದ್ದರೆ ಅದೂ ಆಗಬಹುದು. ಮಗ್ಗದ ಮನೆಗಳಲ್ಲಿ ಇನ್ವರ್ಟರ್ ಅಥವಾ ಜನರೇಟರ್ ಇದ್ದರೆ ಅದನ್ನೂ ನಿಲ್ಲಿಸಬೇಕು, ಏಕೆಂದರೆ ಮೇನ್ ಆರಿಸಿದೊಡನೆ ಅವು ತಾವಾಗಿಯೇ ವಿದ್ಯುತ್ ಒದಗಿಸತೊಡಗುವುದುಂಟು.

ಪಂಪ್‌ಸೆಟ್ಟಿನ ವಿಷಯ ಇನ್ನೂ ಸೂಕ್ಷ್ಮವಾದದ್ದು, ಮತ್ತು ನಮ್ಮ ಭಾಗದಲ್ಲಿ ಅತ್ಯಂತ ಮುಖ್ಯವಾದದ್ದು. ಸ್ಟಾರ್ಟರಿನ ಕೆಂಪು ಗುಂಡಿಯನ್ನು ಒತ್ತಿದರೆ ಮೋಟಾರು ನಿಲ್ಲುತ್ತದೆಯೇ ಹೊರತು ಸ್ಟಾರ್ಟರ್ ಪೆಟ್ಟಿಗೆಯವರೆಗೆ ಬರುವ ಮೂರು ಫೇಸಿನ ತಂತಿಗಳಲ್ಲಿ ವಿದ್ಯುತ್ ಹಾಗೆಯೇ ಇರುತ್ತದೆ. ಅಪಘಾತಗಳು ಬಹುಮಟ್ಟಿಗೆ ಆಗುವುದು ಆ ಪೆಟ್ಟಿಗೆಯ ಬಳಿಯಲ್ಲೇ. ಮೂರು ಫ್ಯೂಜುಗಳ ಪೈಕಿ ಒಂದನ್ನು ಕಿತ್ತರೆ ಉಳಿದ ಎರಡರಲ್ಲಿ ವಿದ್ಯುತ್ ಉಳಿದಿರುತ್ತದೆ. ಮೂರು ಫೇಸುಗಳನ್ನೂ ಒಮ್ಮೆಗೆ ಕಡಿಯುವ ಮೇನ್ ಸ್ವಿಚ್ಚನ್ನೇ ಕೆಳಗೆಳೆಯತಕ್ಕದ್ದು. ಇನ್ನೊಂದು ಮಾತು: ಹೊಲಗಳಿಗೆ ಮೂರು ಫೇಸಿನ ವಿದ್ಯುತ್ತನ್ನು ಸರದಿಯ ಪ್ರಕಾರ, ಎಷ್ಟೋ ವೇಳೆ ರಾತ್ರಿಯ ಹೊತ್ತಿನಲ್ಲಿ, ಕೊಡಲಾಗುತ್ತದೆ. ಅದಕ್ಕಾಗಿ ಎದ್ದು ಹೋಗುವ ಕಷ್ಟ ತಪ್ಪಿಸಿಕೊಳ್ಳಲು ರೈತರು ತಾನಾಗಿ ಚಾಲೂ ಆಗುವ ಸ್ಟಾರ್ಟರುಗಳನ್ನು ಕೂಡಿಸಿರುತ್ತಾರೆ. ‘ಕರೆಂಟು ಹೋಗಿದೆ, ಏನೂ ಭಯವಿಲ್ಲ’ ಎಂದು ಬಾವಿಗಿಳಿದವನ ಮೇಲೆ, ಅಥವಾ ಬಿದ್ದವನನ್ನು ಎತ್ತಲು ಬಾಗಿದವನ ಮೇಲೆ, ಆ ಕ್ಷಣದಲ್ಲೇ ವಿದ್ಯುತ್ ಮರಳಿ ಬರಬಹುದು. ವಿದ್ಯುತ್ ಹೋಗಿರುವುದೇ ಬೇರೆ, ವಿದ್ಯುತ್ತನ್ನು ಕಡಿದಿರುವುದೇ ಬೇರೆ. ಸಾಧ್ಯವಾದರೆ ಒಬ್ಬರನ್ನು ಮೇನ್ ಸ್ವಿಚ್ಚಿನ ಬಳಿ ಕಾವಲು ನಿಲ್ಲಿಸುವುದು ಒಳ್ಳೆಯದು.

ಸ್ವಿಚ್ಚು ದೂರವಿದ್ದು ಅಥವಾ ಎಲ್ಲಿದೆಯೆಂದು ತಿಳಿಯದೆ ಇದ್ದಾಗ, ಮನೆಬಳಕೆಯ ಅಥವಾ ಪಂಪ್‌ಸೆಟ್ಟಿನ ಕೆಳ ಒತ್ತಡದ ತಂತಿಯಾದರೆ ಮಾತ್ರ, ಒಣಗಿದ ಕಟ್ಟಿಗೆಯಿಂದ ತಂತಿಯನ್ನು ಸರಿಸಬಹುದು ಅಥವಾ ವ್ಯಕ್ತಿಯನ್ನು ತಳ್ಳಬಹುದು. ರಕ್ಷಿಸುವವನು ಒಣ ಹಲಗೆಯ ಮೇಲೆ, ದಪ್ಪನಾಗಿ ಮಡಿಚಿದ ಒಣ ಗೋಣಿಚೀಲಗಳ ಮೇಲೆ, ಇಲ್ಲವೆ ಒಣಗಿದ ರಬ್ಬರ್ ಪಾದರಕ್ಷೆಗಳಲ್ಲಿ ನಿಲ್ಲಬೇಕು. ಒಂದೇ ಕೈಯಿಂದ ಕೆಲಸ ಮಾಡಬೇಕು. ಇಲ್ಲಿ ‘ಒಣ’ ಎಂಬ ಶಬ್ದವೇ ಪ್ರಾಣ. ಕಬ್ಬಿನ ಹೊಲದಲ್ಲಿ ಕೈಗೆ ಮೊದಲು ಸಿಗುವುದು ಕಬ್ಬಿನ ಜಲ್ಲೆ. ಆದರೆ ಹಸಿ ಕಬ್ಬು ರಸದಿಂದ ತುಂಬಿದ ಕೊಳವೆಯಿದ್ದಂತೆ, ಅದರಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಹಸಿ ಜಾಲಿಯ ಕೊಂಬೆಯೂ ಹಾಗೆಯೇ. ನೀರು ತುಂಬಿರುವ ಪ್ಲಾಸ್ಟಿಕ್ ಪೈಪು ಹೊರನೋಟಕ್ಕೆ ಸುರಕ್ಷಿತವೆನಿಸಿದರೂ ಒಳಗಿನ ನೀರು ವಿದ್ಯುತ್ತಿಗೆ ದಾರಿ ಕೊಡಬಲ್ಲುದು. ಒಣಗಿದ ದಪ್ಪ ಧೋತರ ಅಥವಾ ಹಗ್ಗವನ್ನು ಕುಣಿಕೆಯಂತೆ ಎಸೆದು ಎಳೆಯುವುದನ್ನು ಕೊನೆಯ ಉಪಾಯವೆಂದು ತಿಳಿಯಬೇಕು.

ಮೇಲಿನ ತಂತಿ ಬಿದ್ದಾಗ

ಹಳ್ಳಿಗಳ ನಡುವೆ ಹಾದುಹೋಗುವ 11,000 ವೋಲ್ಟಿನ ತಂತಿಯ ವಿಷಯದಲ್ಲಿ ಮೇಲಿನ ಯಾವ ಉಪಾಯವೂ ಸಲ್ಲದು. ಅಷ್ಟು ಒತ್ತಡದಲ್ಲಿ ಸಾಮಾನ್ಯ ಕಟ್ಟಿಗೆಯೂ ಚಪ್ಪಲಿಯೂ ನಂಬತಕ್ಕವುಗಳಲ್ಲ; ತೀರ ಹತ್ತಿರ ಹೋದರೆ ಮುಟ್ಟದೆಯೇ ಕಿಡಿ ಹಾರುವುದುಂಟು. ಮಾಡಬೇಕಾದದ್ದು ಒಂದೇ: 1912 ಸಂಖ್ಯೆಗೆ ಅಥವಾ ಹೆಸ್ಕಾಂನ ಸ್ಥಳೀಯ ಶಾಖೆಗೆ ಕರೆಮಾಡಿ ಲೈನನ್ನು ಕಡಿಸಬೇಕು, ಕಡಿದಿರುವುದಾಗಿ ಅವರಿಂದ ಖಚಿತ ಉತ್ತರ ಬರುವವರೆಗೆ ಯಾರನ್ನೂ ಹತ್ತಿರ ಬಿಡಬಾರದು. ಕಣ್ಣೆದುರಿಗೆ ಮಗ ಬಿದ್ದಿರುವಾಗ ತಂದೆಗೆ ಈ ಮಾತನ್ನು ಹೇಳುವುದು ಕಠಿಣ. ಆದರೂ ಹೇಳಲೇಬೇಕಾಗಿದೆ, ಸುತ್ತಲಿನವರು ಅಗತ್ಯಬಿದ್ದರೆ ಅವನನ್ನು ತಡೆದು ಹಿಡಿಯಲೂಬೇಕಾಗಿದೆ.

ತುಂಡಾದ ತಂತಿ ನೆಲದ ಮೇಲೆ ಬಿದ್ದಾಗ ಅದರ ಸುತ್ತಲಿನ ನೆಲದಲ್ಲಿಯೂ ವಿದ್ಯುತ್ ಹರಡಿರುತ್ತದೆ. ತಂತಿಯ ಬಳಿ ಹೆಚ್ಚು, ದೂರಕ್ಕೆ ಹೋದಂತೆ ಕಡಿಮೆ. ಹೆಜ್ಜೆ ಅಗಲಿಸಿದರೆ ಒಂದು ಕಾಲಿನ ಕೆಳಗೆ ಒಂದು ಒತ್ತಡ, ಇನ್ನೊಂದರ ಕೆಳಗೆ ಬೇರೊಂದು ಒತ್ತಡವಿದ್ದು, ಆ ವ್ಯತ್ಯಾಸದಿಂದಾಗಿ ಒಂದು ಕಾಲಿನಿಂದೇರಿ ಇನ್ನೊಂದು ಕಾಲಿನಿಂದಿಳಿಯುವ ಪ್ರವಾಹ ಉಂಟಾಗುತ್ತದೆ. ತಂತಿ ಬಿದ್ದ ಹೊಲದಲ್ಲಿ ಎತ್ತು ಎಮ್ಮೆಗಳು ಮನುಷ್ಯರಿಗಿಂತ ಬೇಗ ಸಾಯುವುದು ಈ ಕಾರಣದಿಂದಲೇ. ಅವುಗಳ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು, ಹೃದಯವು ಆ ಎರಡರ ದಾರಿಯಲ್ಲಿದೆ. ಕನಿಷ್ಠ ಹತ್ತು ಮೀಟರ್ ದೂರವಿರಬೇಕು. ಅರಿಯದೆ ಒಳಗೆ ಹೋಗಿಬಿಟ್ಟಿದ್ದರೆ ಎರಡೂ ಪಾದಗಳನ್ನು ಜೋಡಿಸಿ, ನೆಲದಿಂದೆತ್ತದೆ, ಸಣ್ಣಗೆ ಜಾರಿಸುತ್ತ ಹಿಂದಕ್ಕೆ ಸರಿಯಬೇಕು.

ಕಬ್ಬು ಕಟಾವಿನ ಕಾಲದಲ್ಲಿ ಎತ್ತರವಾಗಿ ಹೇರಿದ ಟ್ರಾಕ್ಟರ್ ಟ್ರೇಲರುಗಳು ಜೋತುಬಿದ್ದ ತಂತಿಗಳಿಗೆ ತಗುಲುವುದುಂಟು. ಆಗ ಚಾಲಕನು ಆಸನದಲ್ಲಿಯೇ ಕುಳಿತಿರುವುದು ಕ್ಷೇಮ. ಕೆಳಗಿಳಿಯಹೋಗಿ ಒಂದು ಕೈ ಗಾಡಿಯ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟ ಕ್ಷಣದಲ್ಲಿ ಪ್ರವಾಹ ಅವನ ಮೂಲಕ ಹರಿಯುತ್ತದೆ. ಬೆಂಕಿ ಹತ್ತಿದ್ದರೆ ಮಾತ್ರ ಗಾಡಿಯನ್ನು ಮುಟ್ಟದಂತೆ ಎರಡೂ ಪಾದ ಜೋಡಿಸಿ ಹಾರಬೇಕು. ನೆಲದ ಮೇಲಿರುವ ಕಟಾವಿನ ಕೂಲಿಗಳು ಟ್ರೇಲರಿಗೆ ಕೈ ಹಚ್ಚಬಾರದು. ಪ್ರವಾಹದ ನೀರಿನಲ್ಲಿ ಮುಳುಗಿದ ಮನೆ, ಪಂಪ್‌ಸೆಟ್ಟುಗಳಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. 2019ರ ಆಗಸ್ಟಿನಲ್ಲಿ ಕೃಷ್ಣೆಯೂ ಘಟಪ್ರಭೆಯೂ ಉಕ್ಕಿ ಈ ತಾಲ್ಲೂಕುಗಳ ದಂಡೆಯ ಊರುಗಳಿಗೆ ನುಗ್ಗಿದ್ದು ಎಲ್ಲರ ನೆನಪಿನಲ್ಲಿದೆ. ನಿಂತ ನೀರಿನಲ್ಲಿ ಯಾರಾದರೂ ಕಾರಣವಿಲ್ಲದೆ ಕುಸಿದುಬಿದ್ದರೆ, ಆ ನೀರಿಗಿಳಿಯುವ ಮೊದಲು ವಿದ್ಯುತ್ತನ್ನು ಶಂಕಿಸತಕ್ಕದ್ದು.

ಬಿಡಿಸಿದ ಮೇಲೆ ಭಯ ಬೇಡ

ಇಷ್ಟೆಲ್ಲ ಎಚ್ಚರಿಕೆಯನ್ನು ಓದಿದವರಿಗೆ ವಿರುದ್ಧವಾದ ಇನ್ನೊಂದು ಭಯ ಹುಟ್ಟಬಹುದು: ವಿದ್ಯುತ್ ಹೊಡೆದವನ ದೇಹದಲ್ಲಿ ವಿದ್ಯುತ್ ಉಳಿದಿರುತ್ತದೆಯೇ? ಉಳಿದಿರುವುದಿಲ್ಲ. ತಂತಿಯ ಸಂಪರ್ಕ ತಪ್ಪಿದ ಕ್ಷಣದಿಂದ ಅವನು ಎಲ್ಲರಂತೆ ಮುಟ್ಟತಕ್ಕವನೇ. ಸಿಡಿಲು ಬಡಿದವರ ವಿಷಯದಲ್ಲೂ ಇದೇ ಸತ್ಯ. ಮುಂಗಾರಿಗೆ ಮೊದಲಿನ ಗುಡುಗು ಮಳೆಯಲ್ಲಿ ಹೊಲದ ಮರದಡಿ ನಿಂತವರು ಸಿಡಿಲಿಗೆ ಸಿಲುಕಿದಾಗ, ಮುಟ್ಟಿದರೆ ತಮಗೂ ಹೊಡೆಯುವುದೆಂದು ಜನರು ದೂರ ನಿಲ್ಲುತ್ತಾರೆ. ಆ ಹೆದರಿಕೆಗೆ ಆಧಾರವಿಲ್ಲ. ಹಲವರಿಗೆ ಒಮ್ಮೆಗೆ ಸಿಡಿಲು ತಗುಲಿದ್ದರೆ ನರಳುತ್ತಿರುವವರಿಗಿಂತ ಮೊದಲು ನಿಶ್ಚಲವಾಗಿ ಬಿದ್ದವರನ್ನು ನೋಡಬೇಕು. ನರಳುವವನ ಹೃದಯ ನಡೆಯುತ್ತಿದೆ, ನಿಶ್ಚಲನಾದವನನ್ನು ತಕ್ಷಣದ ಪುನಶ್ಚೇತನವೇ ಉಳಿಸಬಲ್ಲುದು.

ಸುರಕ್ಷಿತವಾದ ಒಣ ಜಾಗಕ್ಕೆ ತಂದ ಮೇಲೆ ಭುಜ ತಟ್ಟಿ ಗಟ್ಟಿಯಾಗಿ ಕೂಗಿ ನೋಡಬೇಕು. ಪ್ರತಿಕ್ರಿಯೆ ಇಲ್ಲದೆ, ಉಸಿರಾಟವೂ ಇಲ್ಲದಿದ್ದರೆ, ಅಥವಾ ಬಿಕ್ಕಿದಂತೆ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆಯುತ್ತಿದ್ದರೆ, ಹೃದಯ ನಿಂತಿದೆಯೆಂದೇ ತಿಳಿಯತಕ್ಕದ್ದು. ಒಬ್ಬರು 108ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಕೂಡಲೇ ಎದೆಯೊತ್ತುವಿಕೆಯನ್ನು ಆರಂಭಿಸಲಿ. ಎದೆಯ ನಡುಮೂಳೆಯ ಕೆಳ ಅರ್ಧಭಾಗದ ಮೇಲೆ ಒಂದು ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯನ್ನಿಟ್ಟು, ಮೊಳಕೈ ಬಾಗಿಸದೆ, ದೊಡ್ಡವರಲ್ಲಿ ಐದು ಸೆಂಟಿಮೀಟರಿಗೆ ಕಡಿಮೆಯಿಲ್ಲದಂತೆ, ಆರನ್ನು ಮೀರದಂತೆ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಬಾರಿ ಒತ್ತಬೇಕು. ಪ್ರತಿ ಒತ್ತಿಗೂ ಎದೆ ಪೂರ್ಣ ಮೇಲೇಳಲು ಬಿಡಬೇಕು. ತರಬೇತಿಯಿಲ್ಲದ ಸಾಮಾನ್ಯರು ಬಾಯಿಗೆ ಬಾಯಿಟ್ಟು ಉಸಿರು ಕೊಡದೆ ಕೇವಲ ಎದೆಯೊತ್ತಿದರೂ ಸಾಕೆಂದು ಭಾರತೀಯ ಪುನಶ್ಚೇತನ ಪರಿಷತ್ತು 2017ರಲ್ಲಿ ಪ್ರಕಟವಾದ ಮಾರ್ಗಸೂಚಿಯಲ್ಲಿ ಹೇಳಿದೆ. ವಿದ್ಯುದಾಘಾತದಲ್ಲಿ ಉಸಿರಾಟವೇ ಮೊದಲು ನಿಂತಿರುವ ಸಂಭವವೂ ಇರುವುದರಿಂದ, ತರಬೇತಿ ಪಡೆದವರು ಮೂವತ್ತು ಒತ್ತುಗಳಿಗೆ ಎರಡರಂತೆ ಉಸಿರನ್ನೂ ಕೊಡುವುದು ಉತ್ತಮ. ಕಂಬದಿಂದ ಅಥವಾ ಮಾಳಿಗೆಯಿಂದ ಬಿದ್ದವರ ಕುತ್ತಿಗೆಯನ್ನು ಹೊರಳಿಸಬಾರದು.

ಮಿದುಳಿಗೆ ರಕ್ತ ನಿಂತು ನಾಲ್ಕರಿಂದ ಆರು ನಿಮಿಷಗಳಲ್ಲಿ ಹಾನಿ ಆರಂಭವಾಗುತ್ತದೆ. ಬೀಳಗಿಯ ಹಿನ್ನೀರಿನ ಅಂಚಿನ ಹೊಲಕ್ಕಾಗಲಿ, ಮುಧೋಳದ ಒಳರಸ್ತೆಯ ತೋಟದ ಮನೆಗಾಗಲಿ ಅಷ್ಟರಲ್ಲಿ ಆಂಬುಲೆನ್ಸ್ ಬಂದು ತಲುಪುವುದನ್ನು ನಿರೀಕ್ಷಿಸಲಾಗದು. ಮೇನ್ ಸ್ವಿಚ್ಚು ಹುಡುಕಲು ತೆಗೆದುಕೊಂಡ ಅರ್ಧ ನಿಮಿಷವನ್ನು ಈ ಲೆಕ್ಕದಲ್ಲಿ ಭರಿಸಬಹುದು. ಭರಿಸಲಾಗದ್ದು, ಬಿಡಿಸಿದ ಮೇಲೆ ಮುಖಕ್ಕೆ ನೀರೆರಚುತ್ತ, ಈರುಳ್ಳಿ ಮೂಸಿಸುತ್ತ, ಅಂಗಾಲು ಉಜ್ಜುತ್ತ ಕಳೆಯುವ ಹತ್ತು ನಿಮಿಷ. ಕೆಲವೆಡೆ ವಿದ್ಯುತ್ ಹೊಡೆದವರನ್ನು ಉಸುಕಿನಲ್ಲಿ ಅಥವಾ ಮಣ್ಣಿನಲ್ಲಿ ಕುತ್ತಿಗೆಯವರೆಗೆ ಹೂಳುವ ವಾಡಿಕೆಯಿದೆ; ಮಣ್ಣು ವಿದ್ಯುತ್ತನ್ನು ಹೀರುವುದೆಂಬ ನಂಬಿಕೆ ಅದರ ಹಿಂದಿದೆ. ಹೀರಲು ಅಲ್ಲಿ ವಿದ್ಯುತ್ತೇ ಇರುವುದಿಲ್ಲ. ಹೂತ ಎದೆಯನ್ನು ಒತ್ತಲೂ ಆಗದು.

ಕೊಲ್ಲುವ ವಿದ್ಯುತ್ತೇ ಚಿಕಿತ್ಸೆಯಾದ ಬಗೆ

ಇಲ್ಲಿ ಒಂದು ಇತಿಹಾಸವನ್ನು ಹೇಳುವುದು ಅಪ್ರಸ್ತುತವಾಗದು. 1899ರಲ್ಲಿ ಜಿನೀವಾದ ಪ್ರೆವೊ ಮತ್ತು ಬತೆಲ್ಲಿ ಎಂಬ ವಿಜ್ಞಾನಿಗಳು, ಅಲ್ಪ ವಿದ್ಯುತ್ತು ನಾಯಿಯ ಹೃದಯವನ್ನು ಕಂಪನಕ್ಕೆ ದೂಡುವುದನ್ನೂ, ಅದಕ್ಕಿಂತ ಬಲವಾದ ಆಘಾತ ಆ ಕಂಪನವನ್ನು ನಿಲ್ಲಿಸುವುದನ್ನೂ ಕಂಡರು. ಆ ಸಂಗತಿ ಬಹುಕಾಲ ಗಮನಕ್ಕೆ ಬರಲಿಲ್ಲ. ಅಮೆರಿಕದಲ್ಲಿ ವಿದ್ಯುತ್ ಕಂಪನಿಗಳ ಲೈನ್‌ಮನ್ನರು ಕೆಲಸದಲ್ಲಿ ಸಾಯುವುದು ಹೆಚ್ಚಾದಾಗ, ಕಾರಣ ತಿಳಿಯಲೆಂದು 1920ರ ದಶಕದಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ನೆರವು ದೊರೆಯಿತು. ಅದನ್ನು ಕೈಗೊಂಡವರಲ್ಲಿ ಪ್ರಮುಖನಾದ ವಿಲಿಯಂ ಕೌವೆನ್‌ಹೋವೆನ್ ವೈದ್ಯನಾಗಿರಲಿಲ್ಲ, ವಿದ್ಯುತ್ ಎಂಜಿನಿಯರನಾಗಿದ್ದನು. 1947ರಲ್ಲಿ ಕ್ಲಾಡ್ ಬೆಕ್ ಎಂಬ ಶಸ್ತ್ರವೈದ್ಯನು ಹದಿನಾಲ್ಕು ವರ್ಷದ ಬಾಲಕನ ತೆರೆದ ಎದೆಯಲ್ಲಿ ನೇರವಾಗಿ ಹೃದಯಕ್ಕೆ ವಿದ್ಯುತ್ ಕೊಟ್ಟು ಬದುಕಿಸಿದನು. 1956ರಲ್ಲಿ ಪಾಲ್ ಜೋಲ್ ಎದೆ ತೆರೆಯದೆಯೇ ಅದನ್ನು ಸಾಧಿಸಿದನು. ಕೌವೆನ್‌ಹೋವೆನ್ನನ ಪ್ರಯೋಗಶಾಲೆಯಲ್ಲಿ, ವಿದ್ಯುತ್ ಕೊಡಲೆಂದು ನಾಯಿಯ ಎದೆಯ ಮೇಲೆ ಭಾರವಾದ ಹಿಡಿಕೆಗಳನ್ನು ಅದುಮಿದಾಗಲೇ ರಕ್ತದೊತ್ತಡ ತುಸು ಏರುವುದನ್ನು ನಿಕರ್‌ಬಾಕರ್ ಎಂಬ ಯುವಕನು ಗಮನಿಸಿದನು. ಆ ಗಮನಿಕೆಯಿಂದ ಹುಟ್ಟಿದ ಎದೆಯೊತ್ತುವಿಕೆಯನ್ನು ಅವರಿಬ್ಬರೂ ಜೂಡ್ ಎಂಬ ವೈದ್ಯನೂ ಸೇರಿ 1960ರಲ್ಲಿ ಪ್ರಕಟಿಸಿದರು. ನಾವಿಂದು ಕೈಗಳಿಂದ ಮಾಡುವ ಪುನಶ್ಚೇತನವು ಹೀಗೆ ಲೈನ್‌ಮನ್ನರ ಸಾವುಗಳಿಂದ ದೊರೆತ ವಿದ್ಯೆ.

ಆರಂಭದ ಯಂತ್ರಗಳು ಗೋಡೆಯ ಪ್ಲಗ್ಗಿನಿಂದಲೇ ಪರ್ಯಾಯ ವಿದ್ಯುತ್ತನ್ನು ಪಡೆಯುತ್ತಿದ್ದವು. ಚಿಕಿತ್ಸೆ ಕೊಡುವವರಿಗೂ ಅವುಗಳಿಂದ ಅಪಾಯವಿತ್ತು. 1962ರಲ್ಲಿ ಬರ್ನಾರ್ಡ್ ಲೌನ್ ನೇರ ವಿದ್ಯುತ್ತನ್ನು ಶೇಖರಿಸಿ ಕ್ಷಣಮಾತ್ರದಲ್ಲಿ ಹರಿಸುವ ಯಂತ್ರವನ್ನು ಬಳಕೆಗೆ ತಂದನು. ಇಂದಿನ ಯಂತ್ರಗಳು ಆ ವಂಶಕ್ಕೆ ಸೇರಿದವು.

ಎ.ಇ.ಡಿ. ಯಂತ್ರದ ಬಳಿ

ಹೃದಯದ ಕಂಪನವನ್ನು ತಾನೇ ಗುರುತಿಸಿ, ಬೇಕಾದರೆ ಮಾತ್ರ ಆಘಾತ ಕೊಡುವ ಸ್ವಯಂಚಾಲಿತ ಯಂತ್ರಕ್ಕೆ ಎ.ಇ.ಡಿ. ಎನ್ನುತ್ತಾರೆ. 2021ರ ಅಕ್ಟೋಬರ್ 29ರಂದು ನಿಧನರಾದ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ 2023ರಲ್ಲಿ ರಾಜ್ಯ ಸರ್ಕಾರವು ಪ್ರಕಟಿಸಿದ ಹೃದಯ ಜ್ಯೋತಿ ಯೋಜನೆಯಲ್ಲಿ, ಸಾರ್ವಜನಿಕ ಸ್ಥಳಗಳಲ್ಲಿ ಇವುಗಳನ್ನಿಡುವ ಉದ್ದೇಶವೂ ಸೇರಿದೆ. ಆದುದರಿಂದ ಸಾಮಾನ್ಯರೂ ಇದರ ಬಳಕೆಯನ್ನು ತಿಳಿದಿರುವುದು ಅವಶ್ಯ.

ಯಂತ್ರವು ‘ದೂರ ಸರಿಯಿರಿ’ ಎಂದಾಗ ಎಲ್ಲರೂ ಕೈ ತೆಗೆಯಬೇಕು. ಇದಕ್ಕೆ ಎರಡು ಕಾರಣಗಳುಂಟು. ಹೃದಯದ ಸೂಚನೆಗಳನ್ನು ಯಂತ್ರ ಓದುತ್ತಿರುವಾಗ ದೇಹ ಅಲುಗಿದರೆ ಅದು ತಪ್ಪಾಗಿ ಓದಬಹುದು. ಎರಡನೆಯದಾಗಿ, ಆಘಾತದ ವೇಳೆ ಒಂದಂಶ ಮುಟ್ಟಿದವನ ಮೂಲಕ ಹರಿಯಬಹುದು. ಆದರೆ ತಂತಿಯ ವಿದ್ಯುತ್ತಿಗೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ತಂತಿಯ ವಿದ್ಯುತ್ತು ಭೂಮಿಯ ಮೂಲಕ ತನ್ನ ಮೂಲಕ್ಕೆ ಮರಳುತ್ತದೆ. ಅದಕ್ಕಾಗಿಯೇ ನೆಲದ ಮೇಲೆ ನಿಂತವನಿಗೆ ಅಪಾಯ. ಎ.ಇ.ಡಿ. ಬ್ಯಾಟರಿಯಿಂದ ನಡೆಯುವಂಥದ್ದು, ಭೂಮಿಯೊಂದಿಗೆ ಅದಕ್ಕೆ ಸಂಬಂಧವಿಲ್ಲ. ಒಂದು ಪ್ಯಾಡಿನಿಂದ ಹೊರಟ ಪ್ರವಾಹ ಎದೆಯನ್ನು ದಾಟಿ ಇನ್ನೊಂದು ಪ್ಯಾಡಿಗೆ ಮರಳುತ್ತದೆ, ಅದೂ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಕಾಲ. ಆದ್ದರಿಂದಲೇ ರಕ್ಷಕರಿಗೆ ಇದರಿಂದ ಆದ ಹಾನಿಯ ವರದಿಗಳು ಅಪರೂಪ. ಆದವುಗಳಲ್ಲಿಯೂ ಜುಮ್ಮೆನ್ನುವಿಕೆ, ಸಣ್ಣ ಸುಟ್ಟಗಾಯಗಳೇ ಹೆಚ್ಚು. 2008ರಲ್ಲಿ ಅಮೆರಿಕದ ವೈದ್ಯರು ಕೈಗವಸು ಧರಿಸಿ, ಆಘಾತದ ಕ್ಷಣದಲ್ಲಿಯೂ ರೋಗಿಯ ಎದೆಯನ್ನು ಒತ್ತಿಹಿಡಿದು ಪರೀಕ್ಷಿಸಿದಾಗ ಯಾರಿಗೂ ಆಘಾತದ ಅನುಭವವಾಗಲಿಲ್ಲ. ಹಾಗಾದರೆ ಕೈ ತೆಗೆಯುವುದೇಕೆಂದು ಕೆಲವರು ಕೇಳಿದರು. ಅನಂತರದ ಪರೀಕ್ಷೆಗಳಲ್ಲಿ, ವೈದ್ಯಕೀಯ ಕೈಗವಸುಗಳು ಅಷ್ಟು ಒತ್ತಡವನ್ನು ಸದಾ ತಡೆಯಲಾರವೆಂದು ಕಂಡುಬಂದುದರಿಂದ ಹಳೆಯ ನಿಯಮವೇ ಉಳಿದಿದೆ. ಕೈ ತೆಗೆಯಬೇಕು, ಆದರೆ ಆಘಾತವಾದ ಮರುಕ್ಷಣವೇ ಮತ್ತೆ ಒತ್ತಲಾರಂಭಿಸಬೇಕು. ಹೆದರಿಕೆಯಿಂದ ಅರ್ಧ ನಿಮಿಷ ದೂರ ನಿಲ್ಲುವುದು ಯಂತ್ರದಿಂದಾಗುವ ಯಾವ ಅಪಾಯಕ್ಕಿಂತಲೂ ರೋಗಿಗೆ ಹೆಚ್ಚು ಹಾನಿಕರವೆಂಬುದು ನಮ್ಮ ಅಭಿಪ್ರಾಯ.

ಒದ್ದೆಯಾದ ಎದೆಯನ್ನು ಬಟ್ಟೆಯಿಂದ ಒರೆಸಿಯೇ ಪ್ಯಾಡುಗಳನ್ನು ಅಂಟಿಸಬೇಕು. ಇಲ್ಲವಾದರೆ ಪ್ರವಾಹ ಹೃದಯಕ್ಕೆ ಹೋಗದೆ ನೀರಿನ ಮೇಲೆಯೇ ಹರಿದುಹೋಗುತ್ತದೆ. ನೀರು ನಿಂತ ಜಾಗದಿಂದ ರೋಗಿಯನ್ನು ಸರಿಸಬೇಕು. ಕಬ್ಬಿಣದ ಮಂಚದ ಮೇಲೆ ಆಘಾತ ಕೊಡಬಹುದು, ಪ್ಯಾಡುಗಳು ಕಬ್ಬಿಣಕ್ಕೆ ತಗುಲದಿದ್ದರೆ ಮತ್ತು ಸುತ್ತಲಿನವರು ಮಂಚವನ್ನು ಹಿಡಿದಿರದಿದ್ದರೆ ಸಾಕು. ಆಮ್ಲಜನಕದ ನಳಿಕೆಯನ್ನು ಎದೆಯಿಂದ ಒಂದು ಮೀಟರ್ ಆಚೆಗಿಡಬೇಕು, ಏಕೆಂದರೆ ಕಿಡಿಯಿಂದ ಬೆಂಕಿ ಹತ್ತುವ ಭಯವಿದೆ. ತಾಳಿಸರ, ತಾಯಿತ, ಲಿಂಗದ ಕರಡಿಗೆಗಳನ್ನು ಕಿತ್ತುಹಾಕಬೇಕಾದ ಅಗತ್ಯವಿಲ್ಲ. ಪ್ಯಾಡಿನ ಕೆಳಗೆ ಬಾರದಂತೆ ಪಕ್ಕಕ್ಕೆ ಸರಿಸಿದರೆ ಸಾಕು. ಸ್ತ್ರೀಯರ ವಿಷಯದಲ್ಲಿ ಎದೆಯ ಬಟ್ಟೆ ಸರಿಸಲು ಸಂಕೋಚಪಟ್ಟು ತಡಮಾಡುವುದು ಪ್ರಾಣಾಪಾಯಕ್ಕೆ ಎಡೆಗೊಡುತ್ತದೆ. ನಾಲ್ಕು ಜನ ಹೆಂಗಸರು ಸೀರೆಯ ಮರೆ ಹಿಡಿದು ನಿಂತರೆ ಮರ್ಯಾದೆಯೂ ಉಳಿಯುತ್ತದೆ, ಕೆಲಸವೂ ನಡೆಯುತ್ತದೆ. ಮರೆ ಹಿಡಿದವರು ದೇಹಕ್ಕೆ ತಗುಲಿರಬಾರದಷ್ಟೆ.

ಚೇತರಿಸಿಕೊಂಡವರು ಮತ್ತು ಮನೆಯ ವ್ಯವಸ್ಥೆ

ಎದ್ದು ಕುಳಿತು ಮಾತನಾಡಿದರೂ, ಸ್ಮೃತಿ ತಪ್ಪಿದವರನ್ನೂ, ಹೆಚ್ಚು ಒತ್ತಡದ ತಂತಿ ತಗುಲಿದವರನ್ನೂ, ಸುಟ್ಟಗಾಯವಿರುವವರನ್ನೂ ತಾಲ್ಲೂಕು ಆಸ್ಪತ್ರೆಗೆ ಒಯ್ದು ಹೃದಯದ ಇ.ಸಿ.ಜಿ. ತೆಗೆಸಬೇಕು. ಹೊರಗೆ ಸಣ್ಣ ಕಲೆಯಂತೆ ಕಾಣುವ ಗಾಯದ ಒಳಗೆ ಸ್ನಾಯುಗಳು ಬೆಂದಿರಬಹುದು. ಅವುಗಳಿಂದ ಹೊರಬೀಳುವ ಪದಾರ್ಥಗಳು ಮೂತ್ರಪಿಂಡಗಳನ್ನು ಕೆಡಿಸುವುದುಂಟು. ಮೂತ್ರವು ಕಪ್ಪು ಚಹದ ಬಣ್ಣಕ್ಕೆ ತಿರುಗಿದರೆ ತಡಮಾಡಬಾರದು. ಗರ್ಭಿಣಿಗೆ ವಿದ್ಯುತ್ ತಗುಲಿದ್ದರೆ ಆಕೆ ಆರೋಗ್ಯವಾಗಿರುವಂತೆ ಕಂಡರೂ ಗರ್ಭಸ್ಥ ಶಿಶುವಿನ ಹೃದಯಬಡಿತವನ್ನು ಪರೀಕ್ಷಿಸಲೇಬೇಕು. ಮಗುವಿನ ಚಲನೆ ಕಡಿಮೆಯಾದುದನ್ನು ತಾಯಿ ಮುಚ್ಚಿಡಬಾರದು.

ಮನೆಯಲ್ಲಿಯೂ ಮಗ್ಗದ ಕೋಣೆಯಲ್ಲಿಯೂ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಎಂಬ ಸೋರಿಕೆ ತಡೆಯುವ ಸ್ವಿಚ್ಚನ್ನು ಕೂಡಿಸಿದರೆ, ದೇಹದ ಮೂಲಕ ಭೂಮಿಗೆ ಸೋರುವ ಪ್ರವಾಹವನ್ನು ಅದು ಸೆಕೆಂಡಿನ ಅಲ್ಪಭಾಗದಲ್ಲಿ ಕಡಿಯುತ್ತದೆ. ಸಾಮಾನ್ಯ ಫ್ಯೂಜು ಈ ಕೆಲಸ ಮಾಡಲಾರದು. ಅದು ಕರಗಲು ಹಲವು ಆಂಪಿಯರು ಬೇಕು, ಅಷ್ಟರಲ್ಲಿ ಮನುಷ್ಯನ ಕಥೆ ಮುಗಿದಿರುತ್ತದೆ. ಆ ಸ್ವಿಚ್ಚಿನ ಮೇಲಿರುವ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ವಿದ್ಯುತ್ ಕಡಿದುಹೋಗುವುದೇ ಎಂದು ನೋಡಬೇಕು, ಕಡಿಯದಿದ್ದರೆ ಬದಲಾಯಿಸಬೇಕು. ಮೋಟಾರಿನ ಮತ್ತು ಮಗ್ಗದ ಕಬ್ಬಿಣದ ಚೌಕಟ್ಟಿಗೆ ಅರ್ಥಿಂಗ್ ಇರಬೇಕು, ಬೇಸಿಗೆಯಲ್ಲಿ ಅದರ ಗುಂಡಿಗೆ ನೀರು ಹಾಕಬೇಕು. ಬಟ್ಟೆ ಒಣಹಾಕಲು ಲೋಹದ ತಂತಿಯ ಬದಲು ನೂಲಿನ ಅಥವಾ ಪ್ಲಾಸ್ಟಿಕ್ಕಿನ ಹಗ್ಗವನ್ನು ಕಟ್ಟಬೇಕು.

ಮೇನ್ ಸ್ವಿಚ್ಚು ಎಲ್ಲಿದೆಯೆಂಬುದು ಯಜಮಾನನೊಬ್ಬನಿಗೆ ಗೊತ್ತಿದ್ದರೆ ಸಾಲದು, ಏಕೆಂದರೆ ಅಪಘಾತವಾಗುವುದು ಅವನಿಗೇ ಇರಬಹುದು. ಮನೆಯ ಹೆಣ್ಣುಮಕ್ಕಳಿಗೂ ಹತ್ತು ವರ್ಷ ಮೀರಿದ ಮಕ್ಕಳಿಗೂ ಅದನ್ನು ತೋರಿಸಿ, ಅವರ ಕೈಯಿಂದಲೇ ಒಮ್ಮೆ ಆರಿಸಿಸಬೇಕು. ಹೊಲದ ಸ್ಟಾರ್ಟರ್ ಪೆಟ್ಟಿಗೆಯ ಒಳಮುಚ್ಚಳದ ಮೇಲಲ್ಲದೆ ಹೊರಗೆ, ದೂರದಿಂದ ಕಾಣುವಂತೆ, 1912 ಮತ್ತು 108 ಈ ಎರಡು ಸಂಖ್ಯೆಗಳನ್ನೂ ಪಂಪ್‌ಸೆಟ್ಟಿನ ಆರ್.ಆರ್. ನಂಬರನ್ನೂ ಬಣ್ಣದಲ್ಲಿ ಬರೆಸಿಡತಕ್ಕದ್ದು. ಕರೆ ಮಾಡಿದವನು ಸ್ಥಳ ತಿಳಿಸುವುದಕ್ಕೂ, ಯಾವ ಲೈನನ್ನು ಕಡಿಯಬೇಕೆಂದು ಹೆಸ್ಕಾಂ ಸಿಬ್ಬಂದಿ ಗುರುತಿಸುವುದಕ್ಕೂ ಅದರಿಂದ ಅನುಕೂಲವಾಗುತ್ತದೆ.